ಅಶ್ವವಿದ್ಯೆಗೆ ಯಾವ ಕಾಲೇಜು?

ಪಿ.ಯು.ಸಿ. ಫಲಿತಾಂಶ ಹೊರಬೀಳುವ ದಿನಗಳಲ್ಲಿ ತುಮಕೂರಿನ ಗೃಹಸ್ಥರು ಒಬ್ಬರನ್ನೊಬ್ಬರು ಕಂಡಾಗ ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ಎಂಜಿನಿಯರಿಂಗಿಗೆ ಯಾವ ಶಾಖೆ, ವೈದ್ಯಕೀಯಕ್ಕೆ ಸ್ಥಾನ ಸಿಕ್ಕೀತೇ ಎಂಬವೇ ಹೆಚ್ಚು. ಕುಣಿಗಲಿನ ಕಡೆಯ ಬಾಲಕನೋ ಬಾಲಿಕೆಯೋ, ಸ್ಟಡ್ ಫಾರಂನ ಬೇಲಿಯಾಚೆ ತಾಯಿಯ ಹಿಂದೆ ನೆಗೆದೋಡುವ ಮರಿಗಳನ್ನು ನೋಡುತ್ತ ಬೆಳೆದ ಕಾರಣದಿಂದ, ತಾನು ಓದುವುದಾದರೆ ಕುದುರೆಯನ್ನು ಕುರಿತೇ ಓದುವೆನೆಂದು ಹಟ ಹಿಡಿದರೆ, ಯಾವ ಕಾಲೇಜಿಗೆ ಹೋಗೆಂದು ಹೇಳಬಲ್ಲ ಹಿರಿಯರು ವಿರಳ.

ಅಂಥವರಿಗೆ ಮೊದಲು ಹೇಳಬೇಕಾದ ಮಾತು ಅಷ್ಟೇನೂ ರಮ್ಯವಲ್ಲ. ಅಶ್ವವೊಂದನ್ನೇ ವಿಷಯವಾಗಿಟ್ಟುಕೊಂಡ ಪದವಿಯನ್ನು ಅರಸುತ್ತ ಅಲೆಯುವುದಕ್ಕಿಂತ, ಹೆಬ್ಬಾಳದಲ್ಲಿ 1958ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಕಾಲೇಜನ್ನೋ, ಅದರಂತೆಯೇ ಬೀದರಿನ ವಿಶ್ವವಿದ್ಯಾಲಯದ ಆಡಳಿತಕ್ಕೊಳಪಟ್ಟ ಹಾಸನ, ಶಿವಮೊಗ್ಗಗಳ ಕಾಲೇಜುಗಳನ್ನೋ ಸೇರಿ, ಇಂಟರ್ನ್‌ಷಿಪ್ ಸಹಿತವಾದ ಐದೂವರೆ ವರ್ಷಗಳ ವ್ಯಾಸಂಗವನ್ನು ಮುಗಿಸಿ, ಆ ಬಳಿಕ ಕುದುರೆಯ ಕಡೆಗೆ ತಿರುಗುವುದೇ ವಿಹಿತ. 2019ರ ಜಾನುವಾರು ಗಣತಿಯಲ್ಲಿ ಇಡೀ ಭಾರತದ ಕುದುರೆ, ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ, 2012ರ ಗಣತಿಗೆ ಹೋಲಿಸಿದರೆ ನೂರಕ್ಕೆ 45ಕ್ಕೂ ಮಿಕ್ಕ ಇಳಿತ. ದನಗಳಾದರೋ 19 ಕೋಟಿಗೆ ಮೇಲ್ಪಟ್ಟಿದ್ದವು. ಹೀಗಿರುವಲ್ಲಿ ಕುದುರೆಯೊಂದನ್ನೇ ಬಲ್ಲವನಿಗೆ ಜೀವಿಕೆಯ ದಾರಿ ಕಿರಿದು. ಮೇಲಾಗಿ, ಚಿಕಿತ್ಸೆ ಮಾಡುವ ಅಧಿಕಾರವನ್ನು ಕಾನೂನು ಕೊಟ್ಟಿರುವುದು ನೋಂದಾಯಿತ ಪಶುವೈದ್ಯನಿಗೇ ಹೊರತು, ಚಿನ್ನದಕ್ಷರಗಳ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿಕೊಂಡವನಿಗಲ್ಲ. ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕಗಳನ್ನು ಗೆದ್ದದ್ದು ನಮಗೆಲ್ಲ ಹೆಮ್ಮೆಯ ವಿಷಯವೇ. ಆದರೆ ಸವಾರಿಯ ವಿದ್ಯೆ ಬೇರೆ, ಸಾಕಿ ಸಲಹುವ ವಿದ್ಯೆ ಬೇರೆ ಎಂಬುದನ್ನು ತಂದೆತಾಯಿಗಳು ಹಣ ಕಟ್ಟುವ ಮೊದಲೇ ತಿಳಿದಿರುವುದು ಲೇಸು.

ಪದವಿಯ ತರುವಾಯ ಹಿಸಾರದಲ್ಲಿ 1985ರಲ್ಲಿ ಆರಂಭವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವುಂಟು, ಸೈನ್ಯದ ಪಶುವೈದ್ಯ ದಳದ ಮೀರತ್ ಕಾಲೇಜುಂಟು. ಅನುಕೂಲವಿದ್ದವರಿಗೆ ಐರ್ಲೆಂಡಿನ ಕಿಲ್ಡೇರ್‌ನಲ್ಲಿರುವ ರಾಷ್ಟ್ರೀಯ ಸ್ಟಡ್ಡಿನ ತರಬೇತಿಯೂ ಉಂಟು.

ಕಾಲೇಜುಗಳಲ್ಲಿ ಒಂದನ್ನು ಆರಿಸುವಾಗ ಕಟ್ಟಡದ ಭವ್ಯತೆಯನ್ನಾಗಲಿ ಗ್ರಂಥಾಲಯದ ವಿಸ್ತಾರವನ್ನಾಗಲಿ ವಿಚಾರಿಸುವುದಕ್ಕೆ ಮುಂಚೆ, ವಿದ್ಯಾರ್ಥಿಯ ಕೈಗೆ ಜೀವಂತ ಕುದುರೆ ಎಷ್ಟು ಸಲ ಸಿಕ್ಕೀತು, ರಾತ್ರಿಯ ಹೊತ್ತು ಲಾಯದಲ್ಲಿ ಇರಗೊಡುವರೇ ಎಂದು ಕೇಳತಕ್ಕದ್ದು. ಈ ಪ್ರಾಣಿಯ ದೇಹಧರ್ಮವೇ ಅಂಥದು. ಹಸುವಿನಂತೆ ಇದು ಮೆಲುಕು ಹಾಕುವುದಿಲ್ಲ. ಇದರ ಜಠರ ಕಿರಿದು, ಹುಲ್ಲಿನ ನಾರು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡಿ ಹಗುರವಾಗುವ ಭಾಗ್ಯವೂ ಇದಕ್ಕಿಲ್ಲ. ಆದಕಾರಣ ಹೊಟ್ಟೆಶೂಲೆ ಬಂದ ಕುದುರೆ ನೆಲಕ್ಕೊರಗಿ ಹೊರಳಾಡತೊಡಗಿದ ಮೇಲೆ ಪಠ್ಯಪುಸ್ತಕದ ಪುಟ ತಿರುವಲು ವ್ಯವಧಾನವಿರದು. ಸುಮಾರು ಹನ್ನೊಂದು ತಿಂಗಳು ಗರ್ಭ ಹೊತ್ತ ಹೆಣ್ಣು ಕುದುರೆ ಮರಿ ಹಾಕುವುದು ಬಹುತೇಕ ರಾತ್ರಿಯಲ್ಲೇ. ಮರಿ ಒಂದೆರಡು ಗಂಟೆಗಳೊಳಗೆ ಎದ್ದು ನಿಂತು ಗಿಣ್ಣುಹಾಲು ಕುಡಿಯಬೇಕು, ಏಕೆಂದರೆ ಆ ಹಾಲಿನ ರೋಗನಿರೋಧಕ ಸತ್ತ್ವವನ್ನು ಹೀರಿಕೊಳ್ಳುವ ಶಕ್ತಿ ಅದರ ಕರುಳಿಗೆ ಮೊದಲ ದಿನ ಕಳೆದರೆ ಉಳಿಯುವುದಿಲ್ಲ. ಇವೆಲ್ಲ ಹಗಲು ಹತ್ತರಿಂದ ಐದರ ಪಾಠಕ್ರಮಕ್ಕೆ ಒಗ್ಗುವ ಸಂಗತಿಗಳಲ್ಲ.

ಇಂಥ ರಾತ್ರಿಗಳ ಅನುಭವಕ್ಕೆ ನಮ್ಮ ಜಿಲ್ಲೆಯಲ್ಲಿ ಬಡತನವಿಲ್ಲ. ಕುಣಿಗಲಿನ ಸ್ಟಡ್ ಫಾರಂ ಟಿಪ್ಪುಸುಲ್ತಾನನ ಅಶ್ವದಳದ ಕಾಲಕ್ಕೆ ಸಂಬಂಧ ಹೇಳಿಕೊಳ್ಳುವಷ್ಟು ಹಳೆಯದು. ಬ್ರಿಟಿಷರ ಸೈನ್ಯವನ್ನೂ ಮೈಸೂರು ಅರಸರ ಆಳ್ವಿಕೆಯನ್ನೂ ಕಂಡು, 1992ರಲ್ಲಿ ಖಾಸಗಿ ಸಂಸ್ಥೆಯ ಗುತ್ತಿಗೆಗೆ ಹೋಗಿ, ಪಂದ್ಯದ ಕುದುರೆಗಳ ತೌರೆಂದು ಹೆಸರಾಯಿತು. ಪಕ್ಕದ ಗುಬ್ಬಿಯಲ್ಲಿ ವೀರಣ್ಣನವರ ನಾಟಕ ಕಂಪನಿಯು ಕುರುಕ್ಷೇತ್ರ ನಾಟಕಕ್ಕಾಗಿ ಆನೆಕುದುರೆಗಳನ್ನೇ ರಂಗದ ಮೇಲೆ ತಂದಿತೆಂಬುದನ್ನು ಹಿರಿಯರು ಬಲ್ಲರು. ದೀಪಗಳ ಪ್ರಖರತೆಗೂ ಪ್ರೇಕ್ಷಕರ ಕರತಾಡನಕ್ಕೂ ಬೆದರದಂತೆ ಆ ಕುದುರೆಗಳನ್ನು ಹಿಡಿದು ನಿಲ್ಲಿಸಿದವರ ಹೆಸರು ಮಾತ್ರ ಯಾವ ಚರಿತ್ರೆಯಲ್ಲೂ ದಾಖಲಾಗಿಲ್ಲ. ಕನ್ನಡದಲ್ಲಿ ಚಾಳುಕ್ಯ ಕೀರ್ತಿವರ್ಮನು ಗೋವೈದ್ಯವನ್ನೂ, 1400ರ ಸುಮಾರಿನಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನೂ ಬರೆದರು. ಆದರೆ ಗ್ರಂಥಸ್ಥವಾಗದ ಪಾಲೇ ಈ ವಿದ್ಯೆಯಲ್ಲಿ ದೊಡ್ಡದು, ಮತ್ತು ಅದು ಇರುವುದು ಲಾಯದ ಸೈಸರಲ್ಲಿ, ಲಾಳ ಕಟ್ಟುವವರಲ್ಲಿ. ಗೊರಸನ್ನು ಮುಟ್ಟಿದಾಗಲೇ ಅದರ ಬಿಸಿಯಿಂದ ಒಳಗಿನ ಬಾಧೆಯನ್ನು ಊಹಿಸುವ, ಹುರುಳಿಯನ್ನು ಅರ್ಧಕ್ಕೇ ಬಿಟ್ಟ ಕುದುರೆಯನ್ನು ಕಂಡು ಸಂಜೆಯ ಜ್ವರವನ್ನು ಬೆಳಗ್ಗೆಯೇ ಶಂಕಿಸುವ ಈ ಜನ ಅಧ್ಯಾಪಕರೆನಿಸಿಕೊಳ್ಳದಿರುವುದು ನಮ್ಮ ವಿದ್ಯಾಪದ್ಧತಿಯ ಲೋಪ.

ಆ ಲೋಪದ ಅತಿ ಸ್ಪಷ್ಟವಾದ ರೂಪವನ್ನು ಪ್ರವೇಶದ ಬಾಗಿಲಲ್ಲೇ ಕಾಣಬಹುದು. ಪಶುವೈದ್ಯಕೀಯ ಪದವಿಯಲ್ಲಿ ಕೃಷಿಕರ ಮಕ್ಕಳಿಗೆ ಸ್ಥಾನಗಳನ್ನು ಮೀಸಲಿಟ್ಟು, ಬೀಜ, ಗೊಬ್ಬರ, ಬೇಸಾಯದ ಉಪಕರಣಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನು ನಡೆಸುವ ಏರ್ಪಾಟು ನಮ್ಮ ರಾಜ್ಯದಲ್ಲಿದೆ. ಕೈಗೆಲಸದ ಅರಿವಿಗೆ ಬೆಲೆ ಕಟ್ಟುವ ಈ ವಿವೇಕವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಕೋಟಾಕ್ಕೆ ಜಮೀನಿನ ಆಧಾರ ಬೇಕು. ಎರಡು ತಲೆಮಾರು ಕುದುರೆಯೊಡನೆ ಬಾಳಿಯೂ ಒಂದು ಗುಂಟೆ ಭೂಮಿಯಿಲ್ಲದ ಸೈಸನ ಮಗಳು ಸಾಮಾನ್ಯ ಸ್ಪರ್ಧೆಯಲ್ಲೇ ನಿಲ್ಲಬೇಕು. ಅವಳ ಎದುರಿಗೆ, ಕುದುರೆಯನ್ನು ಮದುವೆಯ ಮೆರವಣಿಗೆಯಲ್ಲಿ ಮಾತ್ರ ಕಂಡವನು ನಗರದ ಕೋಚಿಂಗಿನ ಬಲದಿಂದ ಗೆಲ್ಲುತ್ತಾನೆ. ಹೆಬ್ಬಾಳದ ವಿದ್ಯಾರ್ಥಿಗಳು ಮರಿ ಹಾಕುವ ಋತುವಿನಲ್ಲಿ ಕೆಲವು ವಾರಗಳಾದರೂ ಕುಣಿಗಲಿನ ಲಾಯದಲ್ಲಿ ಇರಬೇಕೆಂಬ ನಿಯಮವನ್ನೂ, ಲಾಯದಲ್ಲಿ ದುಡಿವವರ ಮಕ್ಕಳಿಗೆ ಆ ಪ್ರಾಯೋಗಿಕ ಪರೀಕ್ಷೆಗೆ ಕೂರುವ ಅರ್ಹತೆಯನ್ನೂ ಸರ್ಕಾರ ಕಲ್ಪಿಸಲಿ. ಇದಕ್ಕೆ ಹೊಸ ಕಟ್ಟಡವೂ ಬೇಡ, ಶಂಕುಸ್ಥಾಪನೆಯೂ ಬೇಡ. ಪರೀಕ್ಷಾ ನಿಯಮಾವಳಿಗೆ ಒಂದು ತಿದ್ದುಪಡಿ, ಮೇಜಿನ ಮೇಲೆ ರಾಗಿ ಬೀಜಗಳ ಪಕ್ಕಕ್ಕೆ ಒಂದು ಲಾಳ, ಇಷ್ಟು ಸಾಕು.