ಅಂಗಳದ ಎಣ್ಣೆ ಕಲೆಯೂ ಜೀಪಿನ ಬ್ರೇಕೂ



ಈ ಸಲ ಬಂದ ಪತ್ರಗಳಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವುದು, ಮಳೆಗಾಲದಲ್ಲಿ ರೇಷ್ಮೆ ಸೀರೆ ಕಾಪಾಡುವುದು ಎಲ್ಲವೂ ಇದ್ದವು. ಅವೆಲ್ಲ ಇನ್ನು ಹದಿನೈದು ದಿನ ಕಾಯಬಹುದು. ಒಂದು ಪತ್ರ ಮಾತ್ರ ಕಾಯುವಂಥದ್ದಲ್ಲ. ಅದಕ್ಕೇ ಪೂರ್ತಿ ಜಾಗ ಕೊಡುತ್ತಿದ್ದೇನೆ.

ಕೊಟ್ಟಿಗೆಹಾರದ ಕಡೆಯ ತೋಟದ ಮನೆಯ ಸೋದರಿಯೊಬ್ಬರು ಬರೆಯುತ್ತಾರೆ: "ಅಕ್ಕಾ, ನಮ್ಮದು ಫೋರ್ ವೀಲ್ ಜೀಪು. ಮನೆಯಿಂದ ದೊಡ್ಡ ರಸ್ತೆಗೆ ಎರಡು ಕಿಲೋಮೀಟರ್ ಬರೀ ಇಳಿಜಾರು. ಬೆಳಿಗ್ಗೆ ಮಕ್ಕಳಿಬ್ಬರೂ ಅದರಲ್ಲೇ ಇಳೀತಾರೆ. ಡ್ರೈವರ್ ಹುಡುಗ ವಾರಕ್ಕೊಂದು ಸಲ ಬ್ರೇಕ್ ಆಯಿಲ್ ಸುರೀತಾನೆ. ಕೇಳಿದ್ರೆ 'ಹಳೇ ಗಾಡಿ ಅಲ್ವಾ ಅಮ್ಮಾ, ಕುಡಿಯುತ್ತೆ' ಅಂತಾನೆ. ಅಂಗಳದಲ್ಲಿ ನೋಡಿದರೆ ಒಂದು ತೊಟ್ಟೂ ಬಿದ್ದಿರಲ್ಲ. ನಮ್ಮನೆಯವರು 'ಬ್ರೇಕ್ ಹಿಡೀತಲ್ಲ, ನಿಂಗ್ಯಾಕೆ ಅದೆಲ್ಲ' ಅಂತಾರೆ. ನಾನು ಸುಮ್ಮನೆ ಹೆದರ್ತಿದೀನಾ?"

ಇಲ್ಲ ತಂಗಿ. ನೀವು ಹೆದರಿದ್ದು ಸರಿ. ಇಂಜಿನ್ ಆಯಿಲ್ ಬೇಕಾದರೆ ಕುಡಿಯುತ್ತದೆ, ಸವೆದ ಇಂಜಿನ್ನು ಅದನ್ನು ಸುಟ್ಟು ನೀಲಿ ಹೊಗೆ ಬಿಡುತ್ತದೆ. ಬ್ರೇಕು ಕುಡಿಯುವುದಿಲ್ಲ. ಬ್ರೇಕ್ ಆಯಿಲ್ ಇರುವುದು ಮುಚ್ಚಿದ ಕೊಳವೆಯೊಳಗೆ. ನಾವು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಆ ಎಣ್ಣೆಯನ್ನು ಒತ್ತುತ್ತದೆ, ಒತ್ತಡ ನಾಲ್ಕೂ ಚಕ್ರಕ್ಕೆ ಹೋಗಿ ಲೈನರ್‌ಗಳು ಡ್ರಮ್ಮನ್ನೋ ಪ್ಯಾಡ್‌ಗಳು ಡಿಸ್ಕನ್ನೋ ಬಿಗಿಯಾಗಿ ಹಿಡಿಯುತ್ತವೆ. ಕಾಲು ತೆಗೆದರೆ ಅದೇ ಎಣ್ಣೆ ವಾಪಸು ಬರುತ್ತದೆ. ಖರ್ಚಾಗುವ ಮಾತೇ ಇಲ್ಲ. ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ಮಟ್ಟ ಸ್ವಲ್ಪ ಇಳಿಯುವುದುಂಟು, ಆದರೆ ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ವಾರಕ್ಕೊಮ್ಮೆ ಸುರಿಯಬೇಕಾದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಇವತ್ತು ತೊಟ್ಟು ತೊಟ್ಟಾಗಿ ಸೋರುವ ಜಾಗ ನಾಳೆ ಜೋರಾಗಿ ತುಳಿದ ಹೊತ್ತಿನಲ್ಲೇ ಪೂರ್ತಿ ಬಿಟ್ಟುಕೊಡಬಹುದು. ಜೋರಾಗಿ ತುಳಿಯುವುದು ಯಾವಾಗ ಹೇಳಿ? ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ.

ಇನ್ನು ಎಲ್ಲಿ ಸೋರುತ್ತಿದೆ ಅಂತ ಹುಡುಕೋಣ. ನಿಮ್ಮ ಜೀಪಿನ ಗುಟ್ಟಿಗೆ ಆಮೇಲೆ ಬರುತ್ತೇನೆ. ಮೊದಲು, ಅಂಗಳದಲ್ಲಿ ಕಲೆ ಕಾಣುವ ಉಳಿದ ಮನೆಗಳ ಸೋದರಿಯರಿಗಾಗಿ ಸ್ವಲ್ಪ.

ರಾತ್ರಿ ಗಾಡಿ ನಿಂತ ಮೇಲೆ ಕೆಳಗೆ ಹಳೆಯ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿ. ಚಕ್ರ ಎಲ್ಲಿದೆ, ಇಂಜಿನ್ ಎಲ್ಲಿದೆ ಅಂತ ಇದ್ದಿಲಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಕಲೆ ಎಲ್ಲಿ, ಯಾವ ಬಣ್ಣ ಅಂತ ನೋಡಿ. ಕಪ್ಪಗೆ, ಇಂಜಿನ್ನಿನ ಕೆಳಗೆ ಬಿದ್ದಿದ್ದರೆ ಇಂಜಿನ್ ಆಯಿಲ್. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆಯೂ ಬೇಗ ಕಪ್ಪಾಗುತ್ತದೆ. ಹಸಿರೋ ಗುಲಾಬಿಯೋ ಬಣ್ಣ, ಸಿಹಿ ವಾಸನೆ ಇದ್ದರೆ ರೇಡಿಯೇಟರಿನ ಕೂಲಂಟ್. ಎ.ಸಿ. ಇರುವ ಗಾಡಿಯಿಂದ ಬರೀ ನೀರು ತೊಟ್ಟಿಕ್ಕಿದರೆ ಚಿಂತೆ ಬೇಡ. ದಪ್ಪಗೆ, ಮೂಗಿಗೆ ಹಿಡಿದರೆ ಕೊಳೆತ ಬೆಳ್ಳುಳ್ಳಿಯಂಥ ಗಂಧಕದ ನಾತ ಹೊಡೆದರೆ ಅದು ಗೇರ್ ಆಯಿಲ್.

ಫೋರ್ ವೀಲ್ ಜೀಪಿನಲ್ಲಿ ಈ ಗೇರ್ ಆಯಿಲಿನ ರಗಳೆ ಜಾಸ್ತಿ. ಮಾಮೂಲಿ ಜೀಪಿಗೆ ಹಿಂದೆ ಒಂದೇ ಹೌಸಿಂಗ್. ಇದಕ್ಕೆ ಮುಂದೊಂದು, ಹಿಂದೊಂದು, ಮಧ್ಯದಲ್ಲಿ ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ. ಒಂದೊಂದರಲ್ಲೂ ಎಣ್ಣೆ, ಷಾಫ್ಟು ಹೊರಬರುವ ಕಡೆಯೆಲ್ಲ ಒಂದೊಂದು ಆಯಿಲ್ ಸೀಲ್. ಹಳೆಯ ವಿಲ್ಲಿಸ್ ಮಾದರಿಯಲ್ಲಿ ಮುಂದಿನ ಚಕ್ರದ ಒಳಬದಿಗೆ ತೆಂಗಿನಕಾಯಿ ಗಾತ್ರದ ಕಬ್ಬಿಣದ ಗುಂಡು ಕಾಣುತ್ತದೆ ನೋಡಿ, ಅಲ್ಲೂ ಒಂದು ಸೀಲ್ ಉಂಟು. ಧೂಳು ಅಂಟಿ ಸ್ವಲ್ಪ ಜಿಡ್ಡು ಜಿಡ್ಡಾಗಿದ್ದರೆ ಒರೆಸಿ, ನಾಲ್ಕು ದಿನ ಬಿಟ್ಟು ನೋಡಿದರೆ ಸಾಕು. ತೊಟ್ಟಿಕ್ಕಿದರೆ ಮಾತ್ರ ಗ್ಯಾರೇಜಿಗೆ ಕಳಿಸಬೇಕು. ಹಳ್ಳ ದಾಟಿ ಬಂದ ಮೇಲೆ ಹೌಸಿಂಗ್ ಎಣ್ಣೆ ಬಿಚ್ಚಿಸಿ ನೋಡುವುದೂ ಒಳ್ಳೆಯದು. ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ, ಕೂಡಲೇ ಬದಲಿಸಬೇಕು.

ಬ್ರೇಕ್ ಆಯಿಲ್ ಇವೆಲ್ಲಕ್ಕಿಂತ ತೆಳು. ಹೊಸತಿದ್ದಾಗ ತಿಳಿ ಹಳದಿ, ಹಳೆಯದಾದರೆ ಕಂದು. ಗುರುತಿಸಲು ಒಂದು ಸುಲಭ ಉಪಾಯ ಇದೆ. ಒಂದು ಕರಟದಲ್ಲಿ ನೀರು ತೆಗೆದುಕೊಂಡು ಕಲೆಯ ಎಣ್ಣೆಯನ್ನು ಕಡ್ಡಿಯಿಂದ ಒಂದು ಹನಿ ಬಿಡಿ. ಇಂಜಿನ್ ಆಯಿಲ್, ಗೇರ್ ಆಯಿಲ್ ಆದರೆ ಒಗ್ಗರಣೆ ಎಣ್ಣೆಯ ಹಾಗೆ ಮೇಲೆ ತೇಲುತ್ತದೆ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗುತ್ತದೆ. ಹೆಸರಿಗೆ ಎಣ್ಣೆ, ಆದರೆ ನಿಜವಾಗಿ ಎಣ್ಣೆಯೇ ಅಲ್ಲ ಅದು! ಕೂಲಂಟ್ ಕೂಡ ಬೆರೆಯುತ್ತದೆ, ಅದನ್ನು ಬಣ್ಣದಿಂದ ತಿಳಿಯಿರಿ. ಆಮೇಲೆ ಕರಟ ಬಿಸಾಡಿ, ಕೈ ಸೋಪಿನಲ್ಲಿ ತೊಳೆಯಿರಿ. ಅಡಿಗೆಮನೆಯ ಲೋಟ, ಬಟ್ಟಲು ಮಾತ್ರ ದಯವಿಟ್ಟು ತರಬೇಡಿ. ಇವೆಲ್ಲ ವಿಷ.

ಈಗ ನಿಮ್ಮ ಜೀಪಿಗೆ ಬರೋಣ ತಂಗಿ. ಎಣ್ಣೆ ಹೋಗುತ್ತಿದೆ, ಕಲೆ ಬೀಳುತ್ತಿಲ್ಲ. ಹಾಗಾದರೆ ಅದು ಅಡಗುವ ಜಾಗ ಯಾವುದು? ಹೆಚ್ಚಾಗಿ ಚಕ್ರದ ಡ್ರಮ್ಮಿನ ಒಳಗೆ. ಅಲ್ಲಿ ವೀಲ್ ಸಿಲಿಂಡರ್ ಅಂತ ಒಂದು ಸಣ್ಣ ಭಾಗ, ಅದರಲ್ಲಿ ರಬ್ಬರ್ ಕಪ್ಪುಗಳು. ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾಗಿ ಹಬೆ ಬಿಡುವುದಿಲ್ಲವೇ, ಹಾಗೇ ಈ ಕಪ್ಪು ಸವೆದರೆ ಎಣ್ಣೆ ಜಿನುಗುತ್ತದೆ. ಜಿನುಗಿದ್ದು ನೆಲಕ್ಕೆ ಬರುವ ಮೊದಲೇ ಲೈನರ್ ಮತ್ತು ಧೂಳು ಅದನ್ನು ಹೀರಿಕೊಂಡುಬಿಡುತ್ತವೆ. ಬೆಳಗಿನ ಬೆಳಕಿನಲ್ಲಿ ನಾಲ್ಕೂ ಚಕ್ರದ ಒಳಮೈ ನೋಡಿ. ಟೈರಿನ ಒಳಬದಿಯಲ್ಲಿ ಮೇಲಿನಿಂದ ಕೆಳಗೆ ಒದ್ದೆಯ ಗೆರೆ ಕಂಡರೆ ಕಳ್ಳ ಸಿಕ್ಕಿದ ಹಾಗೆ. ಹಿಂದಿನ ಚಕ್ರವಾದರೆ ಕರಟದ ಪರೀಕ್ಷೆ ಮಾಡಿ. ಬೆರೆತರೆ ವೀಲ್ ಸಿಲಿಂಡರ್. ತೇಲಿ, ನಾತ ಹೊಡೆದರೆ ಹೌಸಿಂಗಿನ ತುದಿಯ ಆಯಿಲ್ ಸೀಲ್ ಹೋಗಿ ಗೇರ್ ಆಯಿಲ್ ಬ್ರೇಕಿಗೆ ಬಂದಿದೆ ಅಂತ. ಯಾವುದಾದರೂ ಲೈನರ್ ಹಾಳೇ.

ನಿಮ್ಮ ಗಾಡಿ ಯಾವ ವರ್ಷದ್ದು ಅಂತ ಬರೆದಿಲ್ಲ. ತೀರ ಹಳೆಯದಾದರೆ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿಯ ನೆಲದ ಕೆಳಗಿರುತ್ತದೆ. ಅಲ್ಲಿ ಕೆಸರು ಮೆತ್ತಿಕೊಂಡು ಸೋರಿಕೆ ಕಾಣದೇ ಹೋಗಬಹುದು. ಆ ಕಾಲದ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆಯ ದಾರಿ. ಒಂದು ಚಕ್ರದಲ್ಲಿ ಎಣ್ಣೆ ಬರಿದಾದರೆ ನಾಲ್ಕೂ ಬ್ರೇಕು ಹೋದವು ಅಂತಲೇ! ಈಚಿನ ಗಾಡಿಗಳಲ್ಲಿ ದಾರಿ ಎರಡು, ಒಂದು ಕೈಕೊಟ್ಟರೂ ಇನ್ನೊಂದು ಅಷ್ಟಿಷ್ಟು ಹಿಡಿಯುತ್ತದೆ. ಆದರೆ ಅವುಗಳಲ್ಲಿ ಮಾಸ್ಟರ್ ಸಿಲಿಂಡರಿನ ಹಿಂದೆ ಬೂಸ್ಟರ್ ಅಂತ ದುಂಡಗಿನ ಡಬ್ಬ ಇರುತ್ತದೆ, ಎಣ್ಣೆ ಅದರೊಳಕ್ಕೂ ಇಳಿದು ಮರೆಯಾಗಬಹುದು. ಟೈರುಗಳೆಲ್ಲ ಒಣಗಿದ್ದರೆ ಮೆಕ್ಯಾನಿಕ್ಕಿಗೆ ಈ ಜಾಗ ನೋಡಲು ಹೇಳಿ.

ಪೆಡಲ್ಲೂ ಮಾತಾಡುತ್ತದೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಗೇರು ನ್ಯೂಟ್ರಲ್ಲಿನಲ್ಲಿರುವಾಗ ಪೆಡಲ್ ಗಟ್ಟಿಯಾಗಿ ತುಳಿದು ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಕೊಳವೆಗೆ ಗಾಳಿ ಸೇರಿದೆ, ಏರ್ ತೆಗೆಸಬೇಕು. ಕಲ್ಲಿನ ಹಾಗೆ ಗಟ್ಟಿಯಿದ್ದು ಗಾಡಿ ನಿಲ್ಲದಿದ್ದರೆ ಬೂಸ್ಟರ್ ನೋಡಿಸಬೇಕು. ಅದಕ್ಕೂ ಒಂದು ಪರೀಕ್ಷೆ ಇದೆ: ಇಂಜಿನ್ ನಿಲ್ಲಿಸಿ ನಾಲ್ಕೈದು ಸಲ ತುಳಿದು, ಕಾಲು ಅಲ್ಲೇ ಇಟ್ಟು ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಒಳಗೆ ಹೋಗಬೇಕು. ಹೋಗದಿದ್ದರೆ ಬೂಸ್ಟರ್ ಕೆಲಸ ಮಾಡುತ್ತಿಲ್ಲ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೇ ಎಳೆದರೆ ಒಂದು ಚಕ್ರದ ಲೈನರ್ ಒದ್ದೆಯಾಗಿರಬಹುದು. ನಿಮ್ಮ ಡ್ರೈವರನ್ನು ಇದೊಂದು ಕೇಳಿ ನೋಡಿ, ಎಳೆತ ಇದ್ದರೆ ಅವನಿಗೆ ಗೊತ್ತೇ ಇರುತ್ತದೆ.

ಸುರಿಯುವ ಎಣ್ಣೆಯ ಮಾತೂ ಇದೆ. ಹುಡುಗ ಯಾವ ಡಬ್ಬಿಯಿಂದ ಸುರೀತಾನೆ? ಇಂಜಿನ್ ಆಯಿಲ್ಲೋ ಮತ್ತೊಂದೋ ಒಂದು ಚಮಚ ಬಿದ್ದರೂ ರಬ್ಬರ್ ಕಪ್ಪುಗಳೆಲ್ಲ ಉಬ್ಬಿ ಇಡೀ ಬ್ರೇಕು ಕೆಡುತ್ತದೆ. ಮುಚ್ಚಳದ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಬೇಕು. ಹೋದ ವರ್ಷ ಒಡೆದು ಅಟ್ಟದ ಮೇಲಿಟ್ಟ ಬಾಟಲಿ ಬೇಡವೇ ಬೇಡ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತಲ್ಲ, ಬ್ರೇಕ್ ಆಯಿಲ್ಲಿಗೂ ಅದೇ ಗುಣ. ಗಾಳಿಯ ತೇವ ಎಳೆದುಕೊಳ್ಳುತ್ತದೆ.

ತೇವ ಎಳೆದರೆ ಏನಾಯ್ತು ಅಂತೀರಾ? ಹೊಸ ಡಾಟ್ 4 ಎಣ್ಣೆ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ಲೆಕ್ಕ. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ನಾವು ಬೋಂಡಾ ಕರಿಯುವ ಎಣ್ಣೆಯೇ 170-180 ಡಿಗ್ರಿ ಇರುತ್ತದೆ! ಚಾರ್ಮಾಡಿ ಘಾಟಿಯಲ್ಲಿ ಉದ್ದಕ್ಕೂ ಬ್ರೇಕ್ ತುಳಿದೇ ಇಳಿದರೆ ಡ್ರಮ್ಮು, ಡಿಸ್ಕು ಅದಕ್ಕಿಂತಲೂ ಕಾಯಬಲ್ಲವು. ಎಣ್ಣೆಯಲ್ಲಿ ಹಬೆಯ ಗುಳ್ಳೆ ಎದ್ದರೆ ಪೆಡಲ್ ಗುಳ್ಳೆಯನ್ನು ಒತ್ತುತ್ತದೆಯೇ ಹೊರತು ಬ್ರೇಕನ್ನಲ್ಲ. ಕಾಲು ಸೀದಾ ನೆಲಕ್ಕೆ. ಸ್ವಲ್ಪ ಹೊತ್ತು ನಿಂತು ತಣ್ಣಗಾದ ಮೇಲೆ ಬ್ರೇಕು ಮತ್ತೆ ಹಿಡಿಯುತ್ತದೆ. "ಸರಿಹೋಯ್ತಲ್ಲ" ಅಂತ ಹೊರಡುವವರು ಬಹಳ. ಸರಿಹೋಗಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಲೇಬೇಕು. ಮಲೆನಾಡಿನಲ್ಲಿ ಇದಕ್ಕೆ ಜಿಪುಣತನ ಬೇಡ.

ಇಳಿಯುವಾಗ ಇಂಜಿನ್ನೇ ಗಾಡಿಯನ್ನು ಹಿಡಿಯಬೇಕು, ಏರಿದ ಗೇರಿನಲ್ಲೇ ಇಳಿಯಬೇಕು. ತೋಟದ ಮಣ್ಣಿನ ಕಡಿದಾದ ದಾರಿಯಲ್ಲಿ ಫೋರ್ ವೀಲ್ ಲೋ ಹಾಕಿದರೆ ಬ್ರೇಕಿಗೆ ಕೆಲಸವೇ ಕಡಿಮೆ. ಟಾರು ರಸ್ತೆ ಬಂದ ಕೂಡಲೇ ಫೋರ್ ವೀಲ್ ತೆಗೆಯಬೇಕು, ಇಲ್ಲದಿದ್ದರೆ ಗೇರುಗಳು ಬಿಗಿದುಕೊಳ್ಳುತ್ತವೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಇಂಜಿನ್ ನಿಲ್ಲಿಸುವ ಅಭ್ಯಾಸ ಕೆಲವು ಡ್ರೈವರುಗಳಿಗಿದೆ. ಬೂಸ್ಟರ್ ಇರುವ ಗಾಡಿಯಲ್ಲಿ ಇಂಜಿನ್ ನಿಂತರೆ ಎರಡು ಮೂರು ತುಳಿತಕ್ಕೆ ಬ್ರೇಕಿನ ಬಲ ಮುಗಿಯುತ್ತದೆ. ನಿಮ್ಮ ಹುಡುಗ ಹಾಗೆ ಮಾಡುವವನಾದರೆ ಮಕ್ಕಳನ್ನು ಅವನ ಜೊತೆ ಕಳಿಸಬೇಡಿ, ಅಷ್ಟೇ.

ತಂಗಿ, ನಾಳೆಯಿಂದಲೇ ಒಂದು ಕೆಲಸ ಮಾಡಿ. ಎಣ್ಣೆಯ ಡಬ್ಬಿ ಹೊರಗಿನಿಂದ ಕಾಣುವಂತಿದ್ದರೆ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಹಾಕಿ. ಇಲ್ಲದಿದ್ದರೆ ಯಾವತ್ತು ಎಷ್ಟು ಸುರಿದ ಅಂತ ಹಾಲಿನ ಲೆಕ್ಕದ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಬರೆಯಿರಿ. "ಸೋರ್ತಿದೆ ಅನ್ಸುತ್ತೆ" ಅಂದರೆ ಮನೆಯವರು ನಗಬಹುದು. ಮೂರು ತಾರೀಕು ತೋರಿಸಿದರೆ ನಗುವುದಿಲ್ಲ. ಗಾಡಿಯನ್ನು ಓಡಿಸಿಕೊಂಡು ಪೇಟೆಗೆ ಕಳಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ನಾಲ್ಕೂ ಡ್ರಮ್ಮು ಬಿಚ್ಚಿಸಿ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದೋ ಬೆಂಕಿಯಲ್ಲಿ ಸುಟ್ಟೋ ಮತ್ತೆ ಹಾಕುತ್ತೇನೆ ಅಂದರೆ ಒಪ್ಪಬೇಡಿ. ಒಂದು ಚಕ್ರದ್ದು ಬದಲಿಸಿದರೆ ಅದರ ಜೊತೆಯ ಚಕ್ರದ್ದೂ ಬದಲಾಗಬೇಕು, ಇಲ್ಲದಿದ್ದರೆ ಗಾಡಿ ಎಳೆಯುತ್ತದೆ. ಡ್ರಮ್ಮಿನ ಧೂಳನ್ನು ಬಾಯಿಂದ ಊದಲು ಬಿಡಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೇಡು. ಅಲ್ಲಿಯವರೆಗೆ ಮಕ್ಕಳು ನಡೆದೇ ಇಳಿಯಲಿ. ಎರಡು ಕಿಲೋಮೀಟರ್ ತಾನೆ, ಕೊಡೆ ಕೊಟ್ಟು ಕಳಿಸಿ.

ಹ್ಯಾಂಡ್ ಬ್ರೇಕ್ ನಿಲ್ಲುತ್ತಿಲ್ಲ ಅಂತ ಬರೆದ ಸಕಲೇಶಪುರದ ಕಡೆಯ ಸೋದರಿಗೆ: ನಿಮ್ಮದು ಹಳೆಯ ವಿಲ್ಲಿಸ್ ಮಾದರಿ ಅಂದಿದ್ದೀರಿ. ಅದರಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ಗೇರ್ ಆಯಿಲ್ ನೇರ ಅದರ ಲೈನರಿಗೇ ಬೀಳುತ್ತದೆ. ಕೇಬಲ್ ಎಷ್ಟು ಬಿಗಿ ಮಾಡಿಸಿದರೂ ಪ್ರಯೋಜನವಿಲ್ಲ, ಮೊದಲು ಸೀಲ್ ಹಾಕಿಸಿ. ಅದಾಗುವವರೆಗೆ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಅಂಗಳದಲ್ಲಿ ಬಿದ್ದ ಎಣ್ಣೆಗೆ ಮರದ ಹೊಟ್ಟೋ ಒಣ ಬೂದಿಯೋ ಹಾಕಿ ರಾತ್ರಿಯಿಡೀ ಬಿಟ್ಟು ಗುಡಿಸಿದರೆ ಬಹಳ ಮಟ್ಟಿಗೆ ಹೋಗುತ್ತದೆ.