ಹತ್ತಿ ಹೊಲಕ್ಕೆ ಬೇಸಿಗೆಯ ಬಿಡುವು ಸಿಗಲಿ

ಹತ್ತಿಗೆ ಯಾವ ಹುಳ ಯಾವಾಗ ಬೀಳುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಹವಾಮಾನ. ಕೀಟದ ಮೈ ಶಾಖ ಸುತ್ತಲಿನ ಗಾಳಿಯನ್ನೇ ಅವಲಂಬಿಸಿದೆ. ಹವೆ ಬೆಚ್ಚಗಾದಂತೆ ಮೊಟ್ಟೆ ಬೇಗ ಒಡೆಯುತ್ತದೆ, ಮರಿ ಬೇಗ ಬಲಿಯುತ್ತದೆ, ಪೀಳಿಗೆಯ ಮೇಲೆ ಪೀಳಿಗೆ ಏಳುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ, ಧಾರವಾಡ, ಹಾವೇರಿಯ ಹೊಲಗಳಲ್ಲಿ ಜೂನ್‌-ಜುಲೈನಲ್ಲಿ ಬಿತ್ತಿದ ಹತ್ತಿ ಜಡಿಮಳೆ, ಹೊಳವು, ಮೋಡ, ಇಬ್ಬನಿ ಎಲ್ಲವನ್ನೂ ದಾಟಿ ಬರಬೇಕು. ಒಂದೊಂದು ಹವೆಗೂ ಒಂದೊಂದು ಕೀಟ ಕಾದಿರುತ್ತದೆ.

ಮಳೆ ಹಿಂದೆಗೆದು ವಾರಗಟ್ಟಲೆ ಬಿಸಿಲು ಕಾದರೆ ಮೊದಲು ಹೆಚ್ಚುವುದು ಥ್ರಿಪ್ಸ್ ನುಸಿ. ಎಲೆ ಮಗುಚಿ ನೋಡಿದರೆ ತಳಭಾಗ ಬೆಳ್ಳಿ ಬಳಿದಂತೆ ಹೊಳೆಯುತ್ತದೆ. ಮೋಡ ಮುಚ್ಚಿಕೊಂಡು ಗಾಳಿಯಲ್ಲಿ ತೇವ ಏರಿದಾಗ ಹಸಿರು ಜಿಗಿಹುಳುವಿನ ಸರದಿ. ಆಗ ಎಲೆಯಂಚು ಹಳದಿಯಾಗಿ, ಆಮೇಲೆ ಕೆಂಪಾಗಿ ಕೆಳಮುಖವಾಗಿ ಮುದುಡುತ್ತದೆ. ಯೂರಿಯಾ ಅತಿಯಾಗಿ ಬಿದ್ದ ಹೊಲದಲ್ಲಿ ಈ ಹಾವಳಿ ಇನ್ನೂ ಜೋರು. ತಂಪು ಹವೆ ಹೇನಿಗೆ ಹಿತ, ಒಣ ಬಿಸಿಲು ಬಿಳಿನೊಣಕ್ಕೂ ಹಿಟ್ಟುತಿಗಣೆಗೂ ಹಿತ. 2015ರಲ್ಲಿ ಪಂಜಾಬಿನ ಹತ್ತಿಯನ್ನು ಬಿಳಿನೊಣ ನೆಲಕಚ್ಚಿಸಿತು. ಅಲ್ಲಿನ ರೈತರು ಸುಮ್ಮನೆ ಕೂತಿರಲಿಲ್ಲ, ಮೇಲಿಂದ ಮೇಲೆ ಔಷಧ ಹೊಡೆದಿದ್ದರು.

ಒಂದು ಬಿರುಸು ಮಳೆ ನುಸಿಯನ್ನೂ ಹೇನನ್ನೂ ಎಲೆಯಿಂದ ತೊಳೆದುಹಾಕುತ್ತದೆ. ಅದೇ ಮಳೆ ಹಿಂದಿನ ಸಂಜೆ ಹೊಡೆದ ಔಷಧವನ್ನೂ ತೊಳೆದುಹಾಕುತ್ತದೆ. ಆದರೂ ಪಕ್ಕದ ಹೊಲದವರು ಹೊಡೆದರು ಎಂಬ ಒಂದೇ ಕಾರಣಕ್ಕೆ ಪಂಪು ಹೆಗಲೇರುವುದು ನಿಂತಿಲ್ಲ. ಇದು ಬರೀ ದುಡ್ಡಿನ ನಷ್ಟವಲ್ಲ. ಹೇನು ತಿಂದು ಬದುಕುವ ಗುಲಗಂಜಿ ಹುಳುವೂ ಆ ಔಷಧಕ್ಕೆ ಸಾಯುತ್ತದೆ, ಮುಂದಿನ ಹೊಳವಿನಲ್ಲಿ ಹೇನಿಗೆ ತಡೆಯೇ ಇರುವುದಿಲ್ಲ. ಆಕಾಶ ನೋಡಿ, ಹತ್ತಾರು ಗಿಡಗಳ ಎಲೆ ಮಗುಚಿ ಎಣಿಸಿ, ಎಲೆಗೆ ಎರಡು ಜಿಗಿಹುಳುವಿಗಿಂತ ಕಡಿಮೆ ಇದ್ದರೆ ಕೈ ತಡೆಯುವುದೇ ಸರಿಯಾದ ಬೇಸಾಯ.

ಗುಲಾಬಿ ಕಾಯಿಕೊರಕದ ಕಥೆ ಬೇರೆ, ಹೆಚ್ಚು ಕಳವಳದ್ದು. 2002ರಲ್ಲಿ ಬಿಟಿ ಹತ್ತಿ, 2006ರಲ್ಲಿ ಎರಡು ಜೀನಿನ ಬಿಟಿ ಬಂದ ಮೇಲೆ ಕೆಲವು ವರ್ಷ ಇದರ ಸದ್ದು ಅಡಗಿತ್ತು. ಈಗ ಅದು ಎರಡನ್ನೂ ಅರಗಿಸಿಕೊಂಡಿದೆ. ಎಸಳುಗಳನ್ನು ನೂಲಿನಿಂದ ಹೊಲಿದಂತೆ ಬಿಗಿದುಕೊಂಡು ಬಿರಿಯದೇ ನಿಂತ ಹೂವೇ ಅದರ ಮೊದಲ ಗುರುತು. ಮುಂದೆ ಮರಿ ಎಳೆಗಾಯಿಯೊಳಗೆ ಇಳಿಯುತ್ತದೆ, ಕಾಯಿ ಬೆಳೆದಂತೆ ಒಳಹೊಕ್ಕ ತೂತು ಮುಚ್ಚಿಹೋಗುತ್ತದೆ. ಹೊರಗೆ ಹಸಿರಾಗಿ, ದುಂಡಗೆ ಕಾಣುವ ಆ ಕಾಯಿಯನ್ನು ಸೀಳಿದರೆ ತೊಳೆ ಕಂದಿರುತ್ತದೆ, ಬೀಜದೊಳಗೆ ನಸುಗೆಂಪು ಹುಳ ಕೂತಿರುತ್ತದೆ. ಮಳೆ ಅದನ್ನು ತೊಳೆಯಲಾರದು, ಔಷಧವೂ ಅಲ್ಲಿಗೆ ಮುಟ್ಟದು. ಎಕರೆಗೆ ಎರಡು ಮೋಹಕ ಬಲೆ ಕಟ್ಟಿ, ಸತತ ಮೂರು ರಾತ್ರಿ ಬಲೆಗೆ ಎಂಟು ಪತಂಗ ಬಿದ್ದರೆ ಎಚ್ಚೆತ್ತುಕೊಳ್ಳಬೇಕು. ಅದಕ್ಕೂ ತಡವಾದರೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ.

ಈ ಹುಳಕ್ಕೆ ಹವಾಮಾನ ಕೊಡುವ ನಿಜವಾದ ಪೆಟ್ಟು ಬೇಸಿಗೆಯ ಹಸಿವು. ಹಗಲು ಗಿಡ್ಡವಾಗಿ ಚಳಿ ಬಿದ್ದಾಗ ಕಡೆಯ ಪೀಳಿಗೆಯ ಹುಳಗಳು ಬೀಜದಲ್ಲಿ, ಒಣಕಾಯಲ್ಲಿ, ಕಸದಲ್ಲಿ ಮುದುಡಿ ನಿದ್ದೆ ಹೋಗುತ್ತವೆ. ಬೇಸಿಗೆ ಕಳೆದು ಮುಂಗಾರಿನ ಮೊದಲ ಮಳೆಗಳಿಗೆ ಪತಂಗವಾಗಿ ಏಳುತ್ತವೆ. ಆಗ ಹೊಲದಲ್ಲಿ ಮೊಗ್ಗಿಲ್ಲದಿದ್ದರೆ ಅವುಗಳ ಸಂತತಿಗೆ ನೆಲೆಯಿಲ್ಲ. ಮೇ ತಿಂಗಳ ಅಡ್ಡಮಳೆಗೆ ಆಸೆಪಟ್ಟು ಹತ್ತಿ ಬಿತ್ತಿದ ಹೊಲ ಆ ಪತಂಗಗಳಿಗೆ ತಾನೇ ಮೊಗ್ಗು ಒದಗಿಸುತ್ತದೆ. ಕಾಲುವೆಯಲ್ಲಿ ನೀರಿದೆಯೆಂದು, ತುದಿಯ ನಾಲ್ಕು ಕಾಯಿಗಾಗಿ ಮಾರ್ಚ್‌ವರೆಗೆ ಬೆಳೆ ಉಳಿಸಿಕೊಳ್ಳುವ ಹೊಲವಂತೂ ಹುಳಕ್ಕೆ ಹಸಿವೇ ತಟ್ಟದಂತೆ ಕಾಯುತ್ತದೆ. ಆ ಕಡೆಯ ಬಿಡಿಸುವಿಕೆಯಲ್ಲಿ ಸಿಗುವುದು ಕಲೆಬಿದ್ದ, ದರವಿಲ್ಲದ ಹತ್ತಿ. ಅದರ ಬೆಲೆ ತೆರುವುದು ಮುಂದಿನ ವರ್ಷದ ಇಡೀ ಊರಿನ ಬೆಳೆ.

ಪತಂಗಕ್ಕೆ ಬದುವಿನ ಗಡಿ ಗೊತ್ತಿಲ್ಲ. ಹತ್ತು ಹೊಲ ಸ್ವಚ್ಛವಾಗಿ, ಹನ್ನೊಂದನೆಯದರಲ್ಲಿ ಹತ್ತಿ ನಿಂತಿದ್ದರೆ ಹತ್ತರ ಶ್ರಮವೂ ವ್ಯರ್ಥ. ಆದ್ದರಿಂದ ಹತ್ತಿ ಬೆಳೆಗಾರರೆಲ್ಲರಲ್ಲಿ ಕೈಮುಗಿದು ಕೇಳಬೇಕಾದದ್ದು ಇಷ್ಟು: ಜನವರಿಯೊಳಗೆ ಬೆಳೆ ಮುಗಿಸಿ, ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟದೆ ಪುಡಿಮಾಡಿ ಮಣ್ಣಿಗೆ ಸೇರಿಸಿ, ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಒಳಗಿನ ಕೋಶಗಳನ್ನು ಬಿಸಿಲಿಗೊಡ್ಡಿ, ಜೂನ್‌ನ ಹದ ಮಳೆಯವರೆಗೆ ಬಿತ್ತನೆಗೆ ಕಾಯಿರಿ. ಜಿನ್ನಿಂಗ್ ಮಿಲ್ಲಿನವರು ಹತ್ತಿಬೀಜದ ರಾಶಿಯನ್ನು ಮುಂಗಾರಿನವರೆಗೆ ಬಿಡದೆ ವಿಲೇವಾರಿ ಮಾಡಲಿ, ಅಂಗಳದಲ್ಲಿ ಮೋಹಕ ಬಲೆ ಕಟ್ಟಲಿ. ಈ ವರ್ಷ ಒಂದೊಂದು ಊರೂ ಸಭೆ ಸೇರಿ ಕಡೆಯ ಬಿಡಿಸುವಿಕೆಗೆ ಒಂದೇ ತಾರೀಖು ಗೊತ್ತುಮಾಡಲಿ.