ಮಳೆ ನೋಡಿ ಹೂಗಿಡ ಆರಿಸಿ

ವರ್ಷವಿಡೀ ಬಣ್ಣ ಇರೋ ಅಂಗಳ ಬೇಕು ಅಂತ ಮೂಡಿಗೆರೆ, ಕಳಸದ ಕಡೆಯವರೂ ಈಗ ನರ್ಸರಿಯಿಂದ ಪೆಟೂನಿಯಾ ತರ್ತಿದ್ದಾರೆ. ತರಲಿ... ಆದ್ರೆ ನಮ್ಮ ಜುಲೈ ಮಳೆಗೆ ಅದು ಕೊಳೆಯದೆ ಉಳಿಯೋದು ಕಷ್ಟ. ನನ್ನ ಕೇಳಿದ್ರೆ, ಮಲೆನಾಡಲ್ಲಿ ಗಿಡ ಆರಿಸಬೇಕಾದ್ದು ಕ್ಯಾಟಲಾಗ್ ನೋಡಿ ಅಲ್ಲ, ಮಳೆ ನೋಡಿ.

ಮಳೆಗಾಲಕ್ಕೆ ಡೇರೆಯೇ ಸೈ. ಅದರ ಮೂಲ ಮೆಕ್ಸಿಕೋ ಅಂದ್ರೆ ನಮ್ಮ ಅಜ್ಜಿಯಂದಿರು ನಂಬ್ತಿರಲಿಲ್ಲ ಬಿಡಿ! ಮೇ ಮಳೆಗೆ ಮೊಳೆತ ಗೆಡ್ಡೆ ನೆಟ್ಟು, ನೀರು ಬಸಿಯೋ ಹಾಗೆ ಏರು ಮಾಡಿ, ಗೂಟ ಕೊಟ್ಟು ಕಟ್ಟಿದ್ರೆ ಗೌರಿಹಬ್ಬದ ಹೊತ್ತಿಗೆ ತಟ್ಟೆಯಗಲದ ಹೂ. ಜೊತೆಗೆ ಕರ್ಣಕುಂಡಲ. ದೀಪಾವಳಿಗೆ ಚೆಂಡುಹೂ, ಚಳಿಗೆ ಸೇವಂತಿಗೆ. ದಾಸವಾಳ ಹೇಗೂ ಇದ್ದೇ ಇದೆ.

ಚಳಿ ಮುಗಿದ ಮೇಲಿನ ಬಣ್ಣ ಮಾತ್ರ ಅಂಗಳದಲ್ಲಿಲ್ಲ, ತೋಟದಲ್ಲಿದೆ. ಎಲೆ ಉದುರಿಸಿ ಕೆಂಪಾಗಿ ನಿಲ್ಲೋ ಹಾಲವಾಣ, ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಬೆಳ್ಳಗಾಗೋ ಕಾಫಿ, ಮುಂಗಾರು ಬರೋ ಹೊತ್ತಿಗೆ ಹಳೇ ಮರಗಳ ಮೇಲೆ ಸೀತಾಳೆ ದಂಡೆ. ಎಷ್ಟೋ ಕಡೆ ಆ ಮರಗಳನ್ನೇ ಕಡಿದು ಆಸ್ಟ್ರೇಲಿಯಾದ ಸಿಲ್ವರ್ ಓಕ್ ಹಾಕಿದ್ದಾರೆ. ಬೇಗ ಬೆಳೆಯುತ್ತೆ, ಮೆಣಸು ಹಬ್ಬಿಸಬಹುದು, ಮರಕ್ಕೂ ದುಡ್ಡು ಬರುತ್ತೆ. ಲೆಕ್ಕ ಅರ್ಥವಾಗುತ್ತೆ. ಆದ್ರೂ ಅಂಗಳದ ಕುಂಡಗಳಿಗೆ ಸಾವಿರಗಟ್ಟಲೆ ಸುರಿಯೋರು ತೋಟದಂಚಲ್ಲಿ ನಾಲ್ಕು ಹಾಲವಾಣ ಉಳಿಸಬಾರದೇ? ಚೆಂದಕ್ಕೆ ಅಂತ ಹೊರಗಿಂದ ತಂದ ಲಂಟಾನ ನಮ್ಮ ಕಾಡಿಗೆ ಏನು ಮಾಡಿದೆ ಅಂತ ಕಣ್ಣೆದುರಿಗೇ ಇದೆ.

ಅಂದಹಾಗೆ ಡೇರೆ ಗೆಡ್ಡೆಗೆ ನರ್ಸರಿಗೆ ಹೋಗ್ಬೇಡಿ, ಪಕ್ಕದ ಮನೆಯಲ್ಲಿ ಕೇಳಿ. ನಿಮ್ಮಲ್ಲಿ ಯಾರ ಹತ್ರನಾದ್ರೂ ಕಡುಗೆಂಪು ಇದ್ರೆ ಹೇಳಿ, ನನ್ನ ಹತ್ರ ಹಳದಿ ಇದೆ :)